ಮಿಲಿಟರಿ ಕಾಕಾ ಎದ್ದು ನಿಂತ ದಿನ

ಹೋದ ವಾರ ಮಗಳ ಲಂಗದ ಅಂಚು ಹೊಲಿಯಲೆಂದು ಅವ್ವನ ಹಳೆಯ ಹೊಲಿಗೆ ಮಶೀನನ್ನು ಮೂಲೆಯಿಂದ ಎಳೆದು ಕೂತೆ. ಚಕ್ರ ಅಲುಗಲಿಲ್ಲ. ಅಂಗಡಿಗೆ ಓಡಿಹೋಗಿ ಚಿಕ್ಕ ಎಣ್ಣೆ ಬಾಟಲಿ ತಂದು ಮುಚ್ಚಳ ಬಿಚ್ಚಿದೆ, ಅಷ್ಟೇ… ಆ ವಾಸನೆ ಮೂಗಿಗೆ ಬಡಿಯುತ್ತಿದ್ದಂತೆ ರಾಯಚೂರಿನ ಈ ಮನೆ, ಒಲೆಯ ಮೇಲಿಟ್ಟ ಹಾಲು, ಮಗಳ ಲಂಗ ಎಲ್ಲವೂ ಮರೆತುಹೋಯಿತು. ಮಾನ್ವಿಯ ನಮ್ಮ ಓಣಿಯಲ್ಲಿ, ಮಿಲಿಟರಿ ಕಾಕಾ ಅವರ ಅಂಗಡಿಯ ಮುಂದೆ, ಕೈ ಬೀಸಿ ಬೀಸಿ ಭಾಷಣ ಮಾಡುತ್ತ ನಿಂತಿದ್ದ ಹದಿನೇಳರ ನಾನೇ ಕಣ್ಣೆದುರು ಬಂದೆ. ಹಾಲು ಉಕ್ಕಿ ಒಲೆ ಆರಿದ್ದು ಆಮೇಲೆ ಗೊತ್ತಾಯಿತು.

ಕಾಕಾ ನಮಗೆ ಸಂಬಂಧಿಕರೇನಲ್ಲ. ಪಕ್ಕದ ಮನೆಯವರು. ಚಂದ್ರಬಂಡದ ಕಡೆಯ ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಸೈನ್ಯಕ್ಕೆ ಸೇರಿ, ನಿವೃತ್ತರಾಗಿ ಬಂದು, ಹೆಂಡತಿಯ ಊರಾದ ಮಾನ್ವಿಯಲ್ಲಿ ಹೊಲಿಗೆ ಮಶೀನ್ ರಿಪೇರಿ ಅಂಗಡಿ ಇಟ್ಟಿದ್ದರು. ಉದ್ದನೆಯ ಆಳು, ದಪ್ಪ ಮೀಸೆ, ಮಾತಿಗೆ ಮೊದಲು ನಗು. ಆದರೆ ಕೆಲಸಕ್ಕೆ ಕೂತರೆಂದರೆ ಬೆರಳುಗಳು ತುಂಬ ಮೆಲ್ಲಗೆ ಆಡುತ್ತಿದ್ದವು, ಒಂದು ಸ್ಕ್ರೂ ಬಿಚ್ಚುವಾಗಲೂ ಅವರು ಉಸಿರು ಹಿಡಿದಿರುತ್ತಿದ್ದರು. ಅದೇಕೆಂದು ನನಗೆ ಆಗ ಗೊತ್ತಿರಲಿಲ್ಲ.

ಪಿಯುಸಿ ಮೊದಲ ವರ್ಷದಲ್ಲಿ ಕಾಲೇಜಿಗೆ ಚರ್ಚಾಸ್ಪರ್ಧೆಯ ಸುತ್ತೋಲೆ ಬಂತು. ಮೊದಲ ಸುತ್ತು ಮಾನ್ವಿ, ಎರಡನೆಯದು ದೇವದುರ್ಗ, ಗೆದ್ದವರಿಗೆ ರಾಯಚೂರಿನಲ್ಲಿ ಕೊನೆಯ ಸುತ್ತು. ವಿಷಯ: ಯುದ್ಧವನ್ನು ನೈತಿಕವಾಗಿ ಸಮರ್ಥಿಸಬಹುದೇ? ಚೀಟಿ ಎತ್ತಿದೆ. ‘ಪರ’ ಎಂದಿತ್ತು. ನನಗೆ ಹಿಡಿಸಲಾರದಷ್ಟು ಖುಷಿ! ಪಕ್ಕದ ಮನೆಯಲ್ಲೇ ಒಬ್ಬ ಸೈನಿಕರಿದ್ದಾರೆ, ಇನ್ನೇನು ಬೇಕು? ಅಂದೇ ಸಂಜೆ ಚೀಲ ಹೆಗಲಲ್ಲಿರುವಾಗಲೇ ಅಂಗಡಿಗೆ ನುಗ್ಗಿದೆ.

“ಕಾಕಾ, ಯುದ್ಧ ಸರಿ ಅಂತ ಮಾತಾಡಬೇಕಾಗ್ಯದ. ನೀವು ಹೆಂಗ ಹೊಡದ್ರಿ, ಏನೇನ್ ಮಾಡಿದ್ರಿ, ಎಲ್ಲಾ ಹೇಳ್ರಿ!”

ಕಾಕಾ ಎಣ್ಣೆಯ ಕೈ ಒರೆಸಿಕೊಂಡರು. “ನಂದು ಬಿಡು ಬೇ. ಮೊದಲ ನೀ ಹೇಳು, ಯಾಕ ಸರಿ?”

“ಕುರಿಹಟ್ಟಿಗಿ ತ್ವಾಳ ಬಂದ್ರ ಬಡಿಗಿ ಹಿಡಿಬಾರದೇನ್ರಿ?” ಎಂದೆ. ಕುರುಬರ ಮಗನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು ಎಂಬ ಗರ್ವ ನನ್ನದು.

ಅವರು ಜೋರಾಗಿ ನಕ್ಕರು. “ಹಿಡಿಬೇಕು, ಖರೇ. ಆದ್ರ ತ್ವಾಳ ಬರೋದು ಹಸಿವಿಗಿ. ಆ ಕಡಿ ನಿಂತಾವಗ ನನ್ನಂಗನ ಪಗಾರ ಅದ, ಮನಿಯಾಗ ನನ್ನಂಗನ ಹೆಂಡ್ತಿ ಅದಾಳ. ಅವನೂ ಕುರಿ ಕಾಯಾಕನ ಬಂದೀನಿ ಅಂತಾನ. ಈಗ ಹೇಳು, ತ್ವಾಳ ಯಾರು?”

ರಾತ್ರಿ ಊಟ ಬಿಟ್ಟು ಉತ್ತರ ಬರೆದೆ, ಮರುದಿನ ಸಂಜೆ ತಂದು ಅವರ ಮುಂದೆ ಒದರಿದೆ. ಅವರು ಅದನ್ನೂ ಮುರಿದರು. ಅದರ ಮರುದಿನ ಇನ್ನೊಂದು… ಹೀಗೆ ತಿಂಗಳು ನಡೆಯಿತು. ಎಂಥ ಸಂಜೆಗಳು ಅವು! ಅಂಗಡಿಯ ಮುಂದೆ ಲಾರಿ, ಟಂಟಂ ಓಡಾಡುತ್ತಿದ್ದವು. ಕಾಕಾ ಬೇಕಂತಲೇ ಒಂದು ಮಶೀನನ್ನು ಗಡಗಡ ತುಳಿಯುತ್ತಿದ್ದರು. “ಈ ಸಪ್ಪಳದ ಮ್ಯಾಲ ನಿನ್ನ ದನಿ ಬರಬೇಕು, ಯವ್ವಾ. ಜರಾ ಹೊಟ್ಟಿಯಿಂದ ಮಾತಾಡು!” ಎನ್ನುತ್ತಿದ್ದರು. ಬಟ್ಟೆ ಹೊಲಿಯುವ ಹೆಣ್ಣುಮಕ್ಕಳು ಮಶೀನ್ ಬಿಟ್ಟು ಹೋಗಲು ಬಂದವರು ಅಲ್ಲೇ ಕೂತು ಕೇಳುತ್ತಿದ್ದರು. ಅನ್ಯಾಯದ ಮುಂದೆ ಕೈಕಟ್ಟಿ ಕೂರುವುದೂ ಅನ್ಯಾಯವೇ, ತನ್ನನ್ನು ತಾನು ಕಾಪಾಡಿಕೊಳ್ಳಲಾಗದವನ ಪರವಾಗಿ ಆಯುಧ ಹಿಡಿದವನು ಪಾಪಿಯಲ್ಲ ಎಂಬ ನನ್ನ ವಾದ ದಿನದಿನಕ್ಕೆ ಗಟ್ಟಿಯಾಯಿತು. ತಮ್ಮ ಯುದ್ಧದ ಬಗ್ಗೆ ಮಾತ್ರ ಕಾಕಾ ಒಂದು ಮಾತೂ ಆಡಲಿಲ್ಲ. ಕೇಳಿದರೆ ಚಕ್ರ ತಿರುಗಿಸಿ, “ನೋಡು, ಹೆಂಗ ಹಗುರ ಆತು,” ಎಂದು ಮಾತು ತಪ್ಪಿಸುತ್ತಿದ್ದರು.

ಮಾನ್ವಿಯಲ್ಲಿ ಗೆದ್ದೆ. ದೇವದುರ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ನಮ್ಮ ಮೇಡಂ ಪಕ್ಕದಲ್ಲಿ ನಿದ್ದೆ ಹೋಗಿದ್ದರು, ನಾನು ಕಿಟಕಿಗೆ ಮುಖ ಮಾಡಿ ಹತ್ತಿ ಹೊಲಗಳಿಗೆ ಭಾಷಣ ಮಾಡುತ್ತಿದ್ದೆ. ಆ ದಿನ ವೇದಿಕೆಯ ಮೇಲೆ ಎಲ್ಲಿಂದ ಬಂತೋ ಗೊತ್ತಿಲ್ಲ, ಬರೆದಿರದ ಒಂದು ಮಾತು ಬಾಯಿಗೆ ಬಂತು: “ನಮ್ಮ ಓಣಿಯಲ್ಲಿ ಒಬ್ಬ ಸೈನಿಕರಿದ್ದಾರೆ. ಗಡಿಯಲ್ಲಿ ಅವರ ಕೈ ಒಮ್ಮೆಯೂ ನಡುಗಲಿಲ್ಲ. ಏಕೆಂದರೆ ತಾನು ಮಾಡುತ್ತಿರುವುದು ಸರಿ ಎಂದು ಅವರಿಗೆ ಗೊತ್ತಿತ್ತು!” ಸಭೆಯಲ್ಲಿ ಚಪ್ಪಾಳೆ ಎದ್ದಿತು ನೋಡಿ… ಹಿಂದಿನ ಬೆಂಚಿನವರು ಸಿಳ್ಳೆ ಹೊಡೆದರು. ಮೊದಲ ಬಹುಮಾನ ನನ್ನದೇ.

ಆ ಮಾತನ್ನು ನಾನು ಕಾಕಾಗೆ ಹೇಳಲಿಲ್ಲ. ರಾಯಚೂರಿಗೆ ಬರಲೇಬೇಕೆಂದು ಹಟ ಹಿಡಿದೆ, ಅಷ್ಟೇ. “ಪದಕ ಹಚ್ಚಿಕೊಂಡು ಬರ್ರಿ ಕಾಕಾ,” ಎಂದೆ. ಮಶೀನಿನ ಸಾಮಾನು ತರುವುದಿದೆ ಎಂದು ಅವರು ಒಪ್ಪಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಎದೆಯ ಮೇಲೆ ಪದಕ ಇರಲಿಲ್ಲ.

ಕಾಲೇಜಿನ ದೊಡ್ಡ ಸಭಾಂಗಣ ತುಂಬಿತ್ತು. ಕೊನೆಗೆ ಉಳಿದವರು ಇಬ್ಬರೇ: ಪರವಾಗಿ ನಾನು, ವಿರೋಧವಾಗಿ ಶಕ್ತಿನಗರದಿಂದ ಬಂದ ಹುಡುಗಿ. ಎರಡು ಜಡೆ, ದಪ್ಪ ಕನ್ನಡಕ, ಚಾಕುವಿನಂಥ ಮಾತು. ನಾನು ದೇವದುರ್ಗದ ಆ ಮಾತನ್ನು ಮತ್ತೆ ಆಡಿದೆ. ಈ ಸಲ ಇನ್ನೂ ಮುಂದೆ ಹೋಗಿ, ಕೈ ಚಾಚಿ, ಮೂರನೇ ಸಾಲಿನಲ್ಲಿ ಕೂತ ಕಾಕಾ ಅವರನ್ನು ತೋರಿಸಿದೆ. ಎಲ್ಲರ ತಲೆಗಳೂ ತಿರುಗಿದವು. ಚಪ್ಪಾಳೆ ನಿಲ್ಲಲೇ ಇಲ್ಲ. ಕಾಕಾ ತಲೆ ಬಗ್ಗಿಸಿದ್ದರು. ಸಂಕೋಚವಿರಬೇಕು ಅಂದುಕೊಂಡೆ.

ಎದುರಾಳಿಗೆ ಒಂದು ಪ್ರಶ್ನೆ ಕೇಳುವ ಅವಕಾಶ ಇಬ್ಬರಿಗೂ ಇತ್ತು. ಆ ಹುಡುಗಿ ಕನ್ನಡಕ ಸರಿಮಾಡಿಕೊಂಡು ಹೇಳಿದಳು: “ನನ್ನ ಪ್ರಶ್ನೆ ಇವಳಿಗಲ್ಲ, ಇವಳು ತೋರಿಸಿದವರಿಗೆ. ತಾವು ಮಾಡಿದ್ದೆಲ್ಲ ಸರಿ ಎಂದು ಅವರೂ ಹೇಳುತ್ತಾರೆಯೇ?”

ತೀರ್ಪುಗಾರರು ಮೂವರು. ಒಬ್ಬರ ಮುಖ ಒಬ್ಬರು ನೋಡಿದರು. ಇದು ನಿಯಮದಲ್ಲಿಲ್ಲ ಎಂದು ಅವರಲ್ಲಿ ಹಿರಿಯರು ಹೇಳುವಷ್ಟರಲ್ಲಿ ನಾನೇ ಮೈಕಿಗೆ ಬಾಯಿ ಹಚ್ಚಿ, “ಕೇಳ್ರಿ ಸರ್, ಕೇಳ್ರಿ!” ಎಂದು ಕೂಗಿದೆ. ಪಾರಿತೋಷಕ ಆಗಲೇ ಕೈಗೆ ಬಂದಂತಾಗಿತ್ತು.

ಕಾಕಾ ಎದ್ದು ನಿಂತರು. ಮೈಕು ಬೇಡವೆಂದರು.

“ನಂದು ನೆಲದಾಗ ಬಾಂಬ್ ಹೂಳೋ ಕೆಲಸ ಇತ್ರಿ. ಗಡಿಯಾಗ ಒಂದು ಹಳ್ಳಿ. ದೂರ ಬ್ಯಾರೆ ಕಡಿ ಗುಂಡು ಹಾರಾಕತ್ತಿದ್ವು, ಇತ್ಲಾಗೂ ವೈರಿಗಳು ಬಂದ ಬರ್ತಾರ ಅಂತ ಸುದ್ದಿ. ಆ ಊರವರು ಕುರಿ ಮೇಯಿಸೋ ಬಯಲಾಗ ಸಾಲು ಹಿಡದು ಹೂಳಿದ್ವಿ. ಅವರು ಬರಲಿಲ್ಲ. ಬಾಂಬ್ ಇದ್ದದ್ದಕ್ಕ ಬರಲಿಲ್ಲೋ, ಬರಾವರ ಇರಲಿಲ್ಲೋ, ನನಗ ಇವತ್ತಿಗೂ ಗೊತ್ತಿಲ್ಲ. ಎಲ್ಲಾ ಮುಗದ ಮ್ಯಾಲ ತಗಿಯಾಕ ಹೋದ್ವಿ. ಎಲ್ಲಾ ಸಿಕ್ವು, ಒಂದು ಸಿಗಲಿಲ್ಲ. ಮಳಿಗಿ ಜಾಗಾ ಬಿಟ್ಟು ಸರದಿತ್ತು. ಅದು ನಾ ಹೂಳಿದ ಸಾಲು. ಕೆಂಪು ಝಂಡಾ ನೆಟ್ಟು ಹುಡುಕಾಕತ್ತಿದ್ವಿ. ನಾ ಕುರುಬರ ಮಗ ಅದೀನ್ರಿ, ಮರಿಗಿ ಝಂಡಾ ತಿಳಿಯಂಗಿಲ್ಲ ಅಂತ ನನಗ ಗೊತ್ತಿತ್ತು… ಒಂದು ಮರಿ ಒಳಗ ಹೊಕ್ಕಿತು. ಅದರ ಬೆನ್ನಿಗಿ ಒಬ್ಬಾಕಿ ಓಡಿ ಬಂದ್ಲು. ನಮ್ಮವ್ವನ ವಯಸ್ಸಿನಾಕಿ.”

ಕಾಕಾ ಮುಂದಿನ ಸಾಲಿನ ಕುರ್ಚಿಯ ಬೆನ್ನು ಹಿಡಿದುಕೊಂಡರು.

“ಹೊತ್ಕೊಂಡು ಬಂದಾವ ನಾನ. ಜೀವ ಉಳೀತು, ಕಾಲು ಹೋತು. ನೌಕರಿ ಬಿಟ್ಟ ಮ್ಯಾಲ ಹುಡುಕ್ಕೊಂಡು ಹೋದ್ನಿ. ‘ಅದು ನಾ ಹೂಳಿದ್ದವ್ವಾ’ ಅಂದ್ನಿ. ಆಕಿ ಮಜ್ಜಿಗಿ ಕೊಟ್ಲು. ‘ನೀ ಹೂಳಲಿಲ್ಲಂದ್ರ ಅವರು ಬರ್ತಿದ್ರಪ್ಪ, ನೀ ಮಾಡಿದ್ದು ಸರಿ ಅದ’ ಅಂದ್ಲು. ಆಕಿ ಅನ್ನಬಹುದು. ಆಕಿ ಕಾಲು ಕೊಟ್ಟಾಳ. ನಾ ಅನ್ನಾಕ ಬರಂಗಿಲ್ರಿ.”

ಹಿರಿಯ ತೀರ್ಪುಗಾರರು ಮೆಲ್ಲಗೆ ಕೇಳಿದರು: “ಹಾಗಾದರೆ ಯುದ್ಧ ತಪ್ಪು ಎನ್ನುತ್ತೀರಾ?”

“ಇಲ್ರಿ. ನಾಳೆ ಕರದ್ರ ನಾಳೆ ಹೋಗ್ತೀನಿ. ಹೋಗಾಕಬೇಕು. ಆದ್ರ ಸರಿ ಮಾಡೀನಿ ಅಂತ ಚಪ್ಪಾಳಿ ಹೊಡಿಸ್ಕೊಳ್ಳಾಕ ಎಲ್ಲೂ ನಿಂದ್ರಂಗಿಲ್ಲ. ಮತ್ತ ನನ್ನ ಕೈ ನಡುಗಿಲ್ಲ ಅಂತ ಈ ಹುಡುಗಿ ಅಂದ್ಲಲ್ರಿ… ಅವತ್ತಿನಿಂದ ನಡುಗ್ತದ. ಅದಕ್ಕ ಉಸಿರು ಹಿಡದು ಕೆಲಸ ಮಾಡ್ತೀನಿ.”

ಕೂತರು. ನನಗೆ ಕೊನೆಯ ಎರಡು ನಿಮಿಷ ಬಾಕಿ ಇದ್ದವು. ಕೈಯಲ್ಲಿ ಬರೆದ ಹಾಳೆ ಇತ್ತು, ಕಣ್ಣಿಗೆ ಅಕ್ಷರ ಹತ್ತಲಿಲ್ಲ. “ನಾನು ಪರವೇ,” ಎಂದೆ. “ಆದರೆ ಅವರ ಬಗ್ಗೆ ನಾನು ಹೇಳಿದ್ದು ನನಗೆ ಗೊತ್ತಿಲ್ಲದ ಮಾತು. ಚಪ್ಪಾಳೆಗೆ ಹೇಳಿದ್ದು.” ಒಂದೂವರೆ ನಿಮಿಷ ಉಳಿದಿರುವಾಗಲೇ ಇಳಿದುಬಂದೆ. ಶಕ್ತಿನಗರದ ಹುಡುಗಿಗೆ ಮೊದಲನೆಯದು, ನನಗೆ ಎರಡನೆಯದು.

ಸಂಜೆಯ ಬಸ್ಸಿನಲ್ಲಿ ಕಲ್ಲೂರು ಬರುವ ತನಕ ಮುಖ ಊದಿಸಿಕೊಂಡು ಕೂತಿದ್ದೆ. ಆಮೇಲೆ ತಡೆಯಲಾಗಲಿಲ್ಲ. “ನೀವ ನನ್ನ ಸೋಲಿಸಿದ್ರಿ ಕಾಕಾ!”

“ಅರೇ! ಕೇಳ್ರಿ ಕೇಳ್ರಿ ಅಂತ ಒದರಿದಾಕಿ ನೀನ!”

“ಹೋಗಾಕಬೇಕು ಅಂತೀರಿ, ಸರಿ ಅನ್ನಂಗಿಲ್ಲ ಅಂತೀರಿ. ಎರಡೂ ಹೆಂಗ ಆಗ್ತದ್ರಿ?”

“ಆಗ್ತದ. ನಾ ಕುಂತೀನಲ್ಲ ಇಲ್ಲಿ!” ಎಂದರು ಕಾಕಾ. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ನಮ್ಮಿಬ್ಬರ ದನಿಯೂ ಎಂಜಿನ್ನಿನ ಸದ್ದನ್ನು ಮೀರುವಂಥದೇ! ಮುಂದಿನ ಸೀಟಿನವರು ತಿರುಗಿದರು, ಹಿಂದಿನವರು ಎದ್ದು ನಿಂತರು, ಏನು ಎತ್ತ ಎಂದು ಕೇಳಿ ತಾವೂ ನುಗ್ಗಿದರು. ಒಬ್ಬ ತರುಣ, “ಬಿಡಬಾರದ್ರೀ, ನುಗ್ಗಿ ಹೊಡಿಬೇಕು!” ಎಂದು ಸರಳಿಗೆ ಗುದ್ದಿದ. “ಹೊಡಿಯಂತಿ, ಮೊದಲ ಟಿಕೆಟ್ ತಗೋ,” ಎಂದ ಕಂಡಕ್ಟರ್. ಇಡೀ ಬಸ್ಸು ನಕ್ಕಿತು. ಹತ್ತಿ ಚೀಲದ ಮೇಲೆ ಕೂತ ರೈತನೊಬ್ಬ, ನನ್ನ ಹೊಲದಾಗ ಹೂಳಿದ್ರ ನಾ ಒಪ್ಪತಿದ್ದಿಲ್ಲ ಎಂದ. ಇನ್ನೊಬ್ಬ, ಎಲ್ಲರೂ ಹಿಂಗಂದ್ರ ಊರು ಉಳಿತಾವೇನು ಎಂದು ಏರಿಹೋದ. ಅಷ್ಟು ಒಳ್ಳೆಯ ಚರ್ಚೆ ಆ ಸಭಾಂಗಣದಲ್ಲೂ ಆಗಿರಲಿಲ್ಲ! ನನಗೆ ಸೋತದ್ದೇ ಮರೆತುಹೋಗಿತ್ತು.

ನೀರಮಾನ್ವಿಗೆ ಎಲ್ಲಮ್ಮನ ದರ್ಶನಕ್ಕೆ ಹೊರಟಿದ್ದ ಒಬ್ಬ ಮುದುಕಿ ಅಷ್ಟು ಹೊತ್ತೂ ಸುಮ್ಮನೆ ಕೇಳುತ್ತಿದ್ದಳು. ಇಳಿಯಲು ಎದ್ದಾಗ ಕಾಕಾ ಅವರ ಹೆಗಲ ಮೇಲೆ ಕೈಯಿಟ್ಟು, “ಯಪ್ಪಾ, ಆ ಮರಿ ಏನಾತು?” ಎಂದು ಕೇಳಿದಳು.

ಅಲ್ಲಿಯವರೆಗೆ ಯಾರೂ ಕೇಳಿರದ ಪ್ರಶ್ನೆ. ಕಾಕಾ ಅವರ ಮುಖ ಅರಳಿತು. “ಅದಕ್ಕೇನೂ ಆಗಲಿಲ್ಲ ಯವ್ವಾ. ನಾ ಹೋದಾಗ ಅದಕ್ಕ ಮರಿ ಆಗಿದ್ವು,” ಎಂದರು. ಹೇಳುತ್ತ ಹೇಳುತ್ತ ಕಣ್ಣು ತುಂಬಿದವು. ಮುದುಕಿ ತಲೆಯಾಡಿಸಿ ಇಳಿದುಹೋದಳು.

ಆಮೇಲೆ ನಾನು ಓದಲು ರಾಯಚೂರಿಗೆ ಬಂದೆ, ಇಲ್ಲೇ ಶಾಲೆಯಲ್ಲಿ ಕೆಲಸ ಸಿಕ್ಕಿತು, ಮದುವೆ, ಮಗಳು… ಊರಿಗೆ ಹೋದಾಗಲೆಲ್ಲ ಅಂಗಡಿಗೆ ಹೋಗಿ ಒಂದು ಗಂಟೆ ಜಗಳವಾಡಿಯೇ ಬರುತ್ತಿದ್ದೆ. ಮೂರು ವರ್ಷದ ಹಿಂದೆ ಅವ್ವ ಫೋನಿನಲ್ಲಿ ಕಾಕಾ ಹೋದರೆಂದು ಹೇಳಿದಳು. ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು.

ಕಾಕಾ ಅವರ ಹೆಂಡತಿಯನ್ನು ನಾನು ಚಿಗವ್ವ ಎಂದು ಕರೆಯುತ್ತೇನೆ. ಅವರ ಪಕ್ಕ ಕೂತೆ. ಅವರೇ ಮಾತು ತೆಗೆದರು. “ನೀ ರಾಯಚೂರಾಗ ಭಾಷಣ ಮಾಡಿದ್ದಿ ನೋಡು ತಂಗಿ, ಅವತ್ತು ಮನಿಗಿ ಬಂದು ಊಟಕ್ಕ ಕುಂತ್ರು. ಹಂಗ ಊಟ ನಿಲ್ಲಿಸಿ, ಕಾಲು ಹೋದ ಆ ಹೆಣ್ಣುಮಗಳ ಸುದ್ದಿ ಹೇಳಿದ್ರು. ಅಲ್ಲೀತನ ನನಗ ಗೊತ್ತ ಇರಲಿಲ್ಲ. ರಾತ್ರಿ ಯಾಕ ಎದ್ದು ಕುಂದರ್ತಾರ ಅಂತ ಎಷ್ಟು ವರ್ಷ ಕೇಳಿದ್ನಿ, ಹೇಳಿರಲಿಲ್ಲ. ಅವತ್ತು ಹೇಳಿ ಮಲಗಿದಾವ್ರು, ಬೆಳಕು ಹರಿದ ಮ್ಯಾಲ ಎದ್ರು.”

ನಾನು ಕಾಕಾ ಅವರನ್ನು ಚಪ್ಪಾಳೆಯ ಆಸೆಗೆ ಆ ಸಭೆಯಲ್ಲಿ ನಿಲ್ಲಿಸಿದ್ದೆ. ಅದಕ್ಕಾಗಿ ಎಷ್ಟೋ ವರ್ಷ ಒಳಗೊಳಗೇ ನಾಚಿದ್ದೆ, ಕ್ಷಮೆ ಕೇಳಬೇಕೆಂದು ಹೋಗಿ ಪ್ರತಿಸಲವೂ ಜಗಳವಾಡಿ ಬಂದಿದ್ದೆ. ಅವರಿಗೆ ಅದರಿಂದ ನೋವಾಯಿತೋ, ಹಗುರವಾಯಿತೋ… ಚಿಗವ್ವ ಹೇಳಿದ್ದು ಕೇಳಿದ ಮೇಲೂ ನನಗೆ ಪೂರ್ತಿ ತಿಳಿದಿಲ್ಲ. ಕೇಳಲು ಅವರಿಲ್ಲ.

ಈಗಲೂ ಟಿವಿಯಲ್ಲಿ ಯುದ್ಧದ ಸುದ್ದಿ ಬಂದರೆ ನಮ್ಮ ಸ್ಟಾಫ್ ರೂಮು ಎರಡಾಗುತ್ತದೆ. ನಾನು ಈಗಲೂ ಪರವೇ, ಈಗಲೂ ನನ್ನದೇ ದೊಡ್ಡ ದನಿ. ನಿನ್ನೆ ಮಧ್ಯಾಹ್ನವೂ ಗೆದ್ದೆ. ಎಲ್ಲರೂ ಸುಮ್ಮನಾದರು, ಗಂಟೆ ಹೊಡೆಯಿತು, ಪುಸ್ತಕ ಎತ್ತಿಕೊಂಡು ತರಗತಿಗೆ ನಡೆದೆ. ವರಾಂಡದ ನಡುವೆ ಕಾಲು ತಾನಾಗಿ ನಿಧಾನವಾಯಿತು. ಬೆನ್ನ ಹಿಂದಿನಿಂದ ಯಾರಾದರೂ ನಕ್ಕು, “ತಡಿ ಬೇ, ಅದೂ ಖರೇ, ಆದ್ರ…” ಎನ್ನಬಹುದೆಂದು ಕಾದೆ. ಯಾರೂ ಅನ್ನಲಿಲ್ಲ.