ರಾಜೇಶ್ವರಮ್ಮನ ಬಿಡುಗಡೆ

ಗಂಡ ತೀರಿಕೊಂಡಾಗ ರಾಜೇಶ್ವರಮ್ಮನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಸೊರಬದ ಅತ್ತೆಮನೆಯವರು ಗಾಡಿ ಹೂಡಿ, ಶಿಕಾರಿಪುರದ ತವರಿಗೆ ತಂದು ಇಳಿಸಿ ಹೋದರು. ಮುಂದೊಂದು ದಿನ ಬಸ್ಸಿನ ಕಂಡಕ್ಟರ್ ರಾಜಪ್ಪ, ಅವಳನ್ನು ಮದುವೆಯಾಗುತ್ತೇನೆಂದು ಮನೆಗೇ ಬಂದು ಕೇಳಿದ. ಅವಳಿಗೂ ಮನಸ್ಸಿತ್ತು. ಅಣ್ಣ ಶಿವಮೂರ್ತಪ್ಪ, "ನಮ್ಮ ಮನೆತನದಾಗೆ ಗಂಡ ಸತ್ತಾಕಿಗೆ ಉಡಿಕೆ ಮದುವಿ ನಡೆಯಾಂಗಿಲ್ಲ" ಎಂದು ಅವನನ್ನು ಅಂಗಳದಲ್ಲೇ ಚಪ್ಪಲಿಯಿಂದ ಹೊಡೆದು ಅಟ್ಟಿದ. ಬಾಗಿಲ ಹಿಂದೆ ನಿಂತ ರಾಜೇಶ್ವರಮ್ಮ ಒಂದೊಂದು ಏಟನ್ನೂ ಕೇಳಿಸಿಕೊಂಡಳು.

ಅತ್ತು ಸಾಕಾದ ಮೇಲೆ ಸಂತೆಬೀದಿಯಲ್ಲಿ ಖಾನಾವಳಿ ಇಟ್ಟಳು. ಅವಳ ರೊಟ್ಟಿ, ಎಣ್ಣೆಗಾಯಿಗೆ ಕಚೇರಿ ಗುಮಾಸ್ತರು ಬಾಗಿಲಲ್ಲಿ ಕಾಯುವಂತಾಯಿತು. ಅನ್ನ ಬಿಟ್ಟು ಎದ್ದವರನ್ನು ಅಮಲ್ದಾರರೇ ಆಗಲಿ ಗದರಿಸುತ್ತಿದ್ದಳು. ಮಧ್ಯಾಹ್ನ ಕಾಲು ಚಾಚಿ ಎಲೆಯಡಿಕೆ ಹಾಕಿಕೊಳ್ಳುವಾಗ ಅವಳನ್ನು ಯಾಕೆ ಎಂದು ಕೇಳುವವರಿರಲಿಲ್ಲ. ರಂಡೆಮುಂಡೆಯೆಂದು ಮದುವೆ ಮುಂಜಿಗೆ ಯಾರೂ ಕರೆಯುತ್ತಿರಲಿಲ್ಲ. ಅವಳಿಗೂ ಅದು ಬೇಕಿರಲಿಲ್ಲ.

ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ತಾಲ್ಲೂಕು ಬೋರ್ಡಿಗೆ ಚುನಾವಣೆ ಬರುತ್ತದೆಂಬ ಸುದ್ದಿ ಹಬ್ಬಿತು. ಶಿವಮೂರ್ತಪ್ಪ ಖಾದಿ ಜುಬ್ಬ ಹೊಲಿಸಿ, ಸ್ತ್ರೀ ಸ್ವಾತಂತ್ರ್ಯದ ಮೇಲೆ ಭಾಷಣ ಕಲಿತ. ಭಾಷಣಕ್ಕೊಂದು ಉದಾಹರಣೆ ಬೇಕಾಗಿತ್ತು. ತಾಳಗುಂದದ ತೋಟಪ್ಪನ ಹೆಂಡತಿ ಸತ್ತಿದ್ದಳು, ಮನೆ ತುಂಬ ಮಕ್ಕಳು, ಹಾಸಿಗೆ ಹಿಡಿದ ತಾಯಿ. ಊರಿನ ಓಟೆಲ್ಲ ಅವನು ಹೇಳಿದಂತೆ ಬೀಳುತ್ತಿದ್ದವು. ತಂಗಿಯನ್ನು ಅವನಿಗೇ ಕೊಡುವುದೆಂದು ಶಿವಮೂರ್ತಪ್ಪ ನಿಶ್ಚಯಿಸಿದ.

"ನಂಗೆ ಬ್ಯಾಡಣ್ಣ, ನನ್ನ ಪಾಡಿಗೆ ಬಿಡು."

"ಹಳೇ ಸಂಪ್ರದಾಯ ನಿನ್ನ ತಲೆಯಾಗೆ ಹೆಂಗೆ ಕುಂತೈತಿ ನೋಡು!" ಎಂದು ಅವನು ಮರುಗಿದ.

ಮದುವೆ ಚುನಾವಣಾ ಸಭೆಯ ವೇದಿಕೆಯ ಮೇಲೆಯೇ ಏರ್ಪಾಡಾಯಿತು. ಅಧ್ಯಕ್ಷರು ಮೈಕಿನಲ್ಲಿ, "ಹೆಣ್ಣಿನ ಒಪ್ಪಿಗೆ ಕೇಳೋದೇ ಹೊಸ ಕಾಲ. ತಾಯೀ, ನಿಮಗೆ ಒಪ್ಪಿಗೆ ಏನ್ರೀ?" ಎಂದರು.

"ಇಲ್ರೀ" ಎಂದಳು ರಾಜೇಶ್ವರಮ್ಮ. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಅಧ್ಯಕ್ಷರ ಕಣ್ಣಲ್ಲಿ ನೀರು ಬಂತು. "ಕೇಳಿದ್ರಾ? ಶತಮಾನಗಳ ಗುಲಾಮಗಿರಿ ಈ ಬಾಯಲ್ಲಿ ಮಾತಾಡ್ತಾ ಇದೆ!" ಜನ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ತೋಟಪ್ಪ ತಾಳಿ ಕಟ್ಟಿದ.

ಶಿವಮೂರ್ತಪ್ಪ ಗೆದ್ದ. ತಾಳಗುಂದದಲ್ಲಿ ರಾಜೇಶ್ವರಮ್ಮ ಅತ್ತೆಯ ಹಾಸಿಗೆ ಒಗೆದಳು, ಮಕ್ಕಳ ಹೇನು ತೆಗೆದಳು, ಸಾರು ಸಪ್ಪೆಯಾದರೆ ತಟ್ಟೆಯಿಂದ ಏಟು ತಿಂದಳು. ಒಂದು ದಿನ ತಡೆಯಲಾರದೆ ಬಸ್ಸು ಹತ್ತಿ ಖಾನಾವಳಿಗೆ ಬಂದಳು. ಗಲ್ಲಾಪೆಟ್ಟಿಗೆಯ ಮುಂದೆ ಈಗ ಅತ್ತಿಗೆ ಶಕುಂತಲಮ್ಮ ಕೂತಿದ್ದಳು. ಕೂರು ಎನ್ನಲಿಲ್ಲ, ಗಂಡನನ್ನು ಕರೆಸಿದಳು.

"ಅಣ್ಣಾ, ಇಲ್ಲೇ ಮುಸುರೆ ತಿಕ್ಕಿಕೊಂಡು ಇರ್ತೀನಿ."

"ಹುಚ್ಚಿ, ನೀ ತಿರುಗಿ ಬಂದ್ರೆ ಹೆಂಗಸರಿಗೆ ಸ್ವಾತಂತ್ರ್ಯ ಕೊಟ್ರೆ ಹಿಂಗೇ ಅಂತ ಜನ ಆಡ್ಕೊಳ್ಳಾಕಿಲ್ಲೇನು? ಸುಧಾರಣೆಗೇ ಕೆಟ್ಟ ಹೆಸರು" ಎಂದ ಶಿವಮೂರ್ತಪ್ಪ. ರಟ್ಟೆ ಹಿಡಿದು ತಾನೇ ಬಸ್ಸು ಹತ್ತಿಸಿದ. ನೆರೆದವರಿಗೆ, "ತಂಗಿ ತವರು ನೋಡಾಕೆ ಬಂದಿದ್ಳು" ಎಂದು ಕೈಮುಗಿದ.

ತಾಳಗುಂದ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಜಗಲಿಯ ಮೇಲಿದ್ದ ತೋಟಪ್ಪ ಎಲ್ಲಿಗೆ ಹೋಗಿದ್ದೆ ಎಂದು ಕೇಳಲೂ ಇಲ್ಲ.

"ಒಲೆ ಹಚ್ಚು" ಎಂದ.