ದೇವರ ಜಗಲಿ ಸೇರಿದ ಲೇಖನ

ನಿಮ್ಮ ಬರಹಕ್ಕೆ ಯಾರಾದರೂ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದ್ದಾರಾ? ನನ್ನದಕ್ಕೆ ಬೆಳಗಿದ್ದಾರೆ. ಅಂದಿನಿಂದ ನನಗೆ ತಲೆ ಬುಡ ತಿಳಿಯದಂತಾಗಿದೆ.

ನಮ್ಮ ಕಡೆಯ ಮಠವೊಂದರ ಮಾಸಪತ್ರಿಕೆಯಲ್ಲಿ ಕಳೆದ ತಿಂಗಳು ನನ್ನದೊಂದು ಲೇಖನ ಬಂದಿತ್ತು. ಗಂಡ ತೀರಿಕೊಂಡ ತಾಯಿ ತನ್ನ ಬಸುರಿ ಮಗಳ ಉಡಿ ಯಾಕೆ ತುಂಬಬಾರದು? ಹೆತ್ತ ಕೈಗಿಂತ ಶುಭದ ಕೈ ಯಾವುದಿದೆ? ಅಂತ ಬರೆದಿದ್ದೆ. (ಬರೆಯುವಾಗ ನನ್ನ ಕಣ್ಣೇ ತುಂಬಿ ಬಂದಿತ್ತು. ನನ್ನ ಬರಹಕ್ಕೆ ನಾನೇ ಅಳುವುದು ಹಳೇ ಚಾಳಿ.)

ಬೈಗುಳ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದೆಲ್ಲ ಹೊಗಳಿಕೆ! ನರಗುಂದದ ನಿವೃತ್ತ ಮಾಸ್ತರರೊಬ್ಬರು 'ಕಣ್ಣ ತೆರಸಿದ್ರಿ' ಅಂದರು. ರೋಣದಿಂದ ಕೈಮುಗಿದ ಇಮೋಜಿಗಳು ಸಾಲುಗಟ್ಟಿದವು. ಗಜೇಂದ್ರಗಡದ ಬಟ್ಟೆ ವ್ಯಾಪಾರಿ ಈರಣ್ಣನವರಂತೂ ಎರಡು ಸಲ ಫೋನ್ ಮಾಡಿದರು. 'ಭಾಳ ಚಲೋ ಬರ್ದೀರಿ ಸರ್. ಐತವಾರ ನಮ್ಮ ಸೊಸಿ ಕುಬಸ ಐತಿ. ನೀವು ಬರಾಕ ಬೇಕು.'

ಒಬ್ಬರೂ ಬೈಯದಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬಸ್ ಹತ್ತಿದೆ.

ಸೀಮಂತಕ್ಕೆ ಮನೆ ತುಂಬ ಮಂದಿ. ಹಸಿರು ಸೀರೆ, ಹಸಿರು ಬಳೆಯಲ್ಲಿ ಸೊಸೆ ಮಣೆಯ ಮೇಲೆ ಕೂತಿದ್ದಳು. ಈರಣ್ಣ ನನ್ನನ್ನು ನೇರ ದೇವರ ಜಗಲಿಗೆ ಕರೆದೊಯ್ದರು. ಅಲ್ಲಿ ಪತ್ರಿಕೆಯ ಹತ್ತಾರು ಸಂಚಿಕೆ, ಎಲ್ಲಕ್ಕೂ ವಿಭೂತಿ, ಕುಂಕುಮ. ಎಲ್ಲಕ್ಕಿಂತ ಮೇಲೆ ನನ್ನ ಲೇಖನವಿದ್ದ ಸಂಚಿಕೆ. ಅಂಚೆಗೆ ಸುತ್ತಿದ ಕಾಗದದ ಪಟ್ಟಿ ಕೂಡ ಹರಿದಿರಲಿಲ್ಲ.

'ಓದಿಲ್ಲೇನ್ರಿ?' ಅಂದೆ.

'ಮ್ಯಾಲೆ ಮಠದ ಅಜ್ಜಾರ ಫೋಟೋ ಐತಲ್ರಿ, ಎಲ್ಲೆಂದ್ರಲ್ಲಿ ಇಡಾಕ ಬರೂದಿಲ್ಲ. ಬಂದ ಕೂಡ್ಲೇ ಪೂಜಿಗೆ ಇಡ್ತೇವಿ.'

'ಮತ್ತ ಚಲೋ ಬರ್ದೀರಿ ಅಂದ್ರಿ?'

'ಮುಖಪುಟದಾಗ ನಿಮ್ಮ ಹೆಸರೈತಿ. ಅಜ್ಜಾರ ಪುಸ್ತಕದಾಗ ಬಂದದ್ದು ಚಲೋನ ಇರತೈತಲ್ರಿ!'

ಅವರು ಸುಳ್ಳು ಹೇಳಿರಲಿಲ್ಲ, ಭಕ್ತಿಯಿಂದಲೇ ಹೇಳಿದ್ದರು. ನಾನು ಖುಷಿಪಡಬೇಕೋ, ಬೇಜಾರಾಗಬೇಕೋ?

ನಿಜವಾಗಿ ಓದಿದವರೊಬ್ಬರು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಸೊಸೆಯ ತಾಯಿ ಗಂಗವ್ವ, ಅಬ್ಬಿಗೇರಿಯವರು. ಬರಿ ಹಣೆ. ಕುಬಸದ ಸೀರೆ, ಖಣ ಅವರೇ ಆರಿಸಿ ತಂದದ್ದು.

'ನೀವ ಅಲ್ರೀ ಬರ್ದವ್ರು? ನಾ ಮೂರ ಸಲ ಓದೀನ್ರಿ' ಅಂದರು. 'ಹಂಗಂದ್ರ ಇವತ್ತ ನಾ ಉಡಿ ತುಂಬಬೌದಲ್ರಿ?'

ಅಕ್ಕಿಯ ತಟ್ಟೆ ಹಿಡಿದಿದ್ದ ಮುತ್ತೈದೆಯರು ನನ್ನ ಮುಖ ನೋಡಿದರು. ಮಗಳು ತಲೆ ಎತ್ತಿ ತಾಯಿಯನ್ನು ನೋಡಿದಳು. ಈರಣ್ಣನಿಗೂ ಗೊಂದಲ. 'ಅಜ್ಜಾರ ಪುಸ್ತಕದಾಗ ಹಂಗ ಐತೇನ್ರಿ ಸರ್? ನೀವು ಹೂಂ ಅಂದ್ರ ನಂದೇನ ತಕರಾರಿಲ್ಲ.'

ಒಂದು 'ಹೂಂ'. ಅಷ್ಟೇ ಸಾಕಿತ್ತು. ಎರಡು ಪುಟ ಗೀಚಿದವನಿಗೆ ಅದೇನು ಕಷ್ಟ?

'ಹಿರೇರು ಹ್ಯಾಂಗಂತಾರ ಹಂಗ ಆಗ್ಲಿರಿ' ಅಂದೆ.

ಯಾಕೆ ಹಾಗಂದೆ? ಇವತ್ತಿಗೂ ಗೊತ್ತಿಲ್ಲ. ಮಂದಿ ಮನೆಯ ಶುಭಕಾರ್ಯ, ನನಗ್ಯಾಕೆ ಅಂತಲೋ? ನಾಳೆ ಹೆರಿಗೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ನನ್ನ ತಲೆಗೆ ಬರುತ್ತದೆ ಅಂತಲೋ? (ಅಂದರೆ ಒಳಗೊಳಗೆ ನಾನೂ ಅದನ್ನೇ ನಂಬುತ್ತೇನಾ?) ಗಂಗವ್ವ ಒಳಗೆ ಹೋದರು. ಮುತ್ತೈದೆಯರು ಉಡಿ ತುಂಬಿದರು. ನನಗೆ ಭಾರೀ ನಾಚಿಕೆಯಾಯಿತು. ಆದರೂ ಎರಡನೇ ಹೋಳಿಗೆಗೆ ಬೇಡ ಅನ್ನಲಿಲ್ಲ.

ನಿನ್ನೆ ಪತ್ರಿಕೆಯ ಸಂಪಾದಕರು ಓದುಗರ ಕಾರ್ಡೊಂದರ ಫೋಟೋ ಕಳಿಸಿದ್ದಾರೆ, ಇದಕ್ಕೆ ನೀವೇ ಉತ್ತರ ಬರೆಯಿರಿ ಅಂತ. ಗಂಗವ್ವನವರ ಊರು ಅಬ್ಬಿಗೇರಿಯ ಕಾರ್ಡು. 'ಲೇಖನ ಭಾಳ ಚಲೋ ಐತ್ರಿ. ಆದ್ರ ಹೆಸರು ತಪ್ಪು ಹಾಕೀರಿ. ಖರೇ ಬರ್ದವ್ರು ಯಾರು, ತಿಳಿಸ್ರಿ.'

ನೀವೇ ಹೇಳಿ, ಯಾರ ಹೆಸರು ಬರೆಯಲಿ?