ನೀಲಿ ಬಣ್ಣದಡಿಯ ಬಿಳಿ ಗೆರೆ

ಇವತ್ತು ಬೆಳಿಗ್ಗೆ ಎಮ್ಮೆಗೆ ಹುಲ್ಲು ಹಾಕಿದೆ, ಕುಡಿಯುವ ನೀರಿನ ಘಟಕದ ಬೀಗ ತೆಗೆದು ಕಸ ಗುಡಿಸಿದೆ, ನಲ್ಲಿ ತೊಳೆದೆ, ಮೀಟರಿನ ಮುಳ್ಳು ನೋಡಿ ಪುಸ್ತಕದಲ್ಲಿ ಬರೆದೆ. ಎರಡು ವರ್ಷದಿಂದ ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತಿದ್ದೇನೆ. ರಫೀಕಣ್ಣ, ಆ ಟ್ಯಾಂಕು ಒಡೆದದ್ದು ನಿಮ್ಮಿಂದಲ್ಲ, ನನ್ನಿಂದ. ಗೊತ್ತಿದ್ದೂ ನಿಮ್ಮ ಮೇಲೆ ಹಾಕಿದೆ.

ಮಳವಳ್ಳಿಯಿಂದ ಬಂದು, ನೀರು ಸೋಸುವ ಆಳೆತ್ತರದ ಆ ಫೈಬರ್ ಟ್ಯಾಂಕು ಕೂರಿಸಿದ ದಿನವೇ ನೀವು ಹೇಳಿದ್ದಿರಿ — ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮೋಟರು ಹಾಕಿ ಸೋಸಿದ ನೀರನ್ನು ತೊಟ್ಟಿಗೆ ತುಂಬಿಸಿಕೊಳ್ಳಬೇಕು, ಬಂದವರಿಗೆ ತೊಟ್ಟಿಯಿಂದಲೇ ಬಿಡಬೇಕು ಎಂದು.

"ಇದು ಒಂದೇ ಏಟ್ಗೆ ಒಡಿಯಲ್ಲ ಕಣಕ್ಕ. ಮೋಟ್ರು ಹಾಕ್ದಾಗ ನೀರು ಒತ್ತಿ ಉಬ್ತದೆ, ನಿಲ್ಸ್ದಾಗ ಇಳೀತದೆ. ಉಬ್ಬಿ ಇಳ್ದು ಉಬ್ಬಿ ಇಳ್ದು ಸುಸ್ತಾಯ್ತದೆ, ಒಳಗಿರೋ ಗಾಜಿನ ನೂಲು ಒಂದೊಂದೇ ಕಿತ್ಕತದೆ. ಬಿಳೀ ಗೆರೆ ಕಂಡ್ರೆ, ಟಿಕ್ ಅಂದ್ರೆ, ಫೋನ್ ಮಾಡು."

ಆದರೆ ನಮ್ಮೂರಿನವರಿಗೆ ತೊಟ್ಟಿ ನೀರಿನ ಮೇಲೆ ಅನುಮಾನ. ನಿನ್ನೆಯದೋ ಮೊನ್ನೆಯದೋ ಯಾರಿಗೆ ಗೊತ್ತು, ನಮ್ಮ ಕಣ್ಮುಂದೆಯೇ ಮೆಶಿನ್ ಹಾಕು ಎಂದು ಪ್ರತಿಯೊಬ್ಬರದೂ ಹಟ. ಒಂದೊಂದು ಕ್ಯಾನಿಗೂ ಹಾಕುವುದು, ನಿಲ್ಲಿಸುವುದು — ದಿನಕ್ಕೆ ಎಷ್ಟು ಸಲವೋ. ಪುಸ್ತಕದಲ್ಲಿ ಮಾತ್ರ 'ಎರಡು ಸಲ' ಎಂದು ಬರೆಯುತ್ತಿದ್ದೆ.

ಟ್ಯಾಂಕಿನ ಬುಡದಲ್ಲಿ ಕೂದಲೆಳೆಯಂಥ ಬಿಳಿ ಗೆರೆಗಳು ಕಂಡವು. ಮೋಟರು ಹಾಕಿದಾಗಲೆಲ್ಲ ಟಿಕ್, ಟಿಕ್. ಫೋನು ಕೈಗೆತ್ತಿಕೊಂಡೆ — ಇಟ್ಟುಬಿಟ್ಟೆ. ಹೊಸ ಟ್ಯಾಂಕು ಮಾರಲೆಂದೇ ಈ ಭಯವನ್ನು ಮೊದಲೇ ನನ್ನ ಕಿವಿಗೆ ಹಾಕಿ ಹೋದಿರೇನೋ ಅನ್ನಿಸಿತು. ನೀವು ಬಂದರೆ ಪುಸ್ತಕದ ಸುಳ್ಳೂ ಹೊರಬೀಳುತ್ತಿತ್ತು... ಅದೂ ಇತ್ತು. ಘಟಕದ ಬಾಗಿಲಿಗೆ ಬಳಿದು ಉಳಿದಿದ್ದ ನೀಲಿ ಬಣ್ಣವನ್ನು ಗೆರೆಗಳ ಮೇಲೆ ಬಳಿದೆ.

ಒಂದು ಬೆಳಿಗ್ಗೆ ಟ್ಯಾಂಕು ಸೀಳಿಕೊಂಡಿತು. ಎಲ್ಲರೂ ಹೊರಗಿದ್ದೆವು, ಯಾರಿಗೂ ಏಟಾಗಲಿಲ್ಲ. ನಿಮ್ಮನ್ನು ಕರೆಸಿದರು. ಹಳೇ ಟ್ಯಾಂಕಿಗೆ ಬಣ್ಣ ಹೊಡೆದು ತಂದು ಹಾಕಿದ್ದಾನೆ ಎಂಬ ಗುಸುಗುಸು ಆಗಲೇ ಸಾಲಿನ ತುದಿಯವರೆಗೂ ಹೋಗಿತ್ತು. ಈ ಬಣ್ಣ ಯಾವಾಗಿನದು ಎಂದು ಪಂಚಾಯ್ತಿ ಮೆಂಬರು ನನ್ನನ್ನು ಕೇಳಿದರು.

ನಾನಂದೆ — "ಅವ್ರು ತಂದಾಗ್ಲೇ ಬಣ್ಣ ಇತ್ತು."

ನೀವು ಒಂದು ಚೂರನ್ನು ಎತ್ತಿಕೊಂಡು ಉಗುರಿನಿಂದ ಕೆರೆದಿರಿ. ಬಾಗಿಲ ಕಡೆ ನೋಡಿದಿರಿ, ಆಮೇಲೆ ನನ್ನನ್ನು.

"ಅಕ್ಕ ಯೋಳುದ್ಮೇಲೆ ಮುಗೀತು ಬುಡಿ" ಎಂದು ಹತಾರದ ಚೀಲ ಕಟ್ಟಿಕೊಂಡಿರಿ.

ಅಲ್ಲಿಂದಾಚೆಗೆ ಸುತ್ತಿನ ಯಾವ ಊರಿನವರೂ ನೀರಿನ ಘಟಕದ ಕೆಲಸಕ್ಕೆ ನಿಮ್ಮನ್ನು ಕರೆಯಲಿಲ್ಲ. ಈಗ ಮದ್ದೂರಿನಲ್ಲಿ ಮಿಕ್ಸಿ ರಿಪೇರಿ ಮಾಡುತ್ತೀರಂತೆ.

ನಾಳೆ ಬೆಳಿಗ್ಗೆ ಸಾಲು ನಿಂತಿರುವಾಗಲೇ ಇದನ್ನು ಓದಿ ಹೇಳುತ್ತೇನೆ, ಮೆಂಬರಿಗೂ ಬರಹೇಳಿದ್ದೇನೆ. ಬೀಗದ ಕೈ ಅವರಿಗೇ ಒಪ್ಪಿಸಿ ಮದ್ದೂರಿನ ಬಸ್ಸು ಹತ್ತುತ್ತೇನೆ. ನೀವು ಅಂಗಡಿಯ ಒಳಗೆ ಕರೆಯದಿದ್ದರೂ ಸರಿಯೇ.

ಸಂಜೆ ನಮ್ಮ ಯಜಮಾನರಿಗೆ ಹೇಳಿದೆ. "ಯಾರೂ ಕೇಳ್ದೆ ಇರೋದ್ನ ನೀನ್ಯಾಕಮ್ಮಿ ಕೆದಕೀಯೆ? ಇರೋ ಕೆಲ್ಸಾನೂ ಓಯ್ತದೆ" ಎಂದರು. ಹೋಗುತ್ತದೆ ಎಂದೆ.

ಊಟಕ್ಕೆ ಮುದ್ದೆ, ಬಸ್ಸಾರು. ಅವರು ಎರಡನೇ ಸಲ ಸಾರು ಹಾಕಿಸಿಕೊಳ್ಳಲಿಲ್ಲ. ಮೊದಲು ಮಲಗಿದವರೂ ಅವರೇ — ನನಗೆ ಬೆನ್ನು ಮಾಡಿ.